ಅರೆಜೌಗಿನ ಕಪ್ಪು ಭೂಮಿಯ ಲಕ್ಷಣಗಳು
(ಇಲಿನಾಯ್ ಸಂಸ್ಥಾನದ ಹುಲ್ಲುಗಾವಲು ಜಮೀನಿನಿಂದ ರೈತರು ತಿಳಿಯತಕ್ಕ ವಿಷಯಗಳು)

ಭೂಮಿಯು ಕಪ್ಪಾಗಿದ್ದರೆ ಅದು ಫಲವತ್ತಾದುದೆಂದು ಎಣಿಸುವುದು ರೈತರಲ್ಲಿ ರೂಢಿಯಾಗಿದೆ. ಈ ಎಣಿಕೆಯು ಸುಳ್ಳಲ್ಲ. ಆದರೆ ಪೂರ್ತಿಯಾಗಿ ನಿಜವೂ ಅಲ್ಲ. ಮೇಲುಮಣ್ಣು ಎಷ್ಟೇ ಸಾರವುಳ್ಳದ್ದಾಗಿದ್ದರೂ ಅದರ ಕೆಳಗೆ ನೀರು ನಿಂತಿದ್ದರೆ ಪೈರಿನ ಬೇರು ಕೆಳಗಿಳಿಯಲಾರದು. ಬೇರು ಇಳಿಯದಿದ್ದರೆ ಭೂಮಿಯಲ್ಲಿರುವ ಸಾರವು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಹಣದಂತೆ ಉಪಯೋಗಕ್ಕೆ ಬಾರದು. ಈ ಸಂಗತಿಯನ್ನು ತೋರಿಸುವುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಇಲಿನಾಯ್ ಸಂಸ್ಥಾನದ ಹುಲ್ಲುಗಾವಲು ಭೂಮಿಗಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ. ಅಲ್ಲಿ ಫ್ಲಾನಗನ್ ಎಂಬ ಹೆಸರಿನಿಂದ ಗುರುತಿಸಲ್ಪಟ್ಟಿರುವ ಒಂದು ಬಗೆಯ ಮಣ್ಣಿನ ಲಕ್ಷಣಗಳನ್ನು ಈ ಪತ್ರಿಕೆಯಲ್ಲಿ ವಿವರಿಸಿದೆ.

೧. ಈ ಭೂಮಿಯ ಹುಟ್ಟು

ಬಹು ಪೂರ್ವಕಾಲದಲ್ಲಿ ಇಲಿನಾಯ್ ಸೀಮೆಯ ಬಹುಭಾಗವನ್ನು ಉತ್ತರದಿಂದ ಬಂದ ಹಿಮದ ರಾಶಿಯು ಮುಚ್ಚಿತ್ತು. ಆ ಹಿಮವು ತಾನು ಅರೆದು ತಂದ ಕಲ್ಲು, ಮರಳು, ಜೇಡಿ, ಸುಣ್ಣಗಳನ್ನು ಅಲ್ಲಿಯೇ ಬಿಟ್ಟು ಕರಗಿಹೋಯಿತು. ಅನಂತರ ನದಿಗಳ ಬಯಲಿನಲ್ಲಿ ಒಣಗಿ ಬಿದ್ದಿದ್ದ ನಯವಾದ ಧೂಳು ಗಾಳಿಗೆ ಎದ್ದು, ಆ ರಾಶಿಯ ಮೇಲೆ ಸುಮಾರು ೩ರಿಂದ ೫ ಅಡಿ ದಪ್ಪವಾಗಿ ಹಾಸಿಕೊಂಡಿತು. ಇದು ಮರಳಿನಂತೆ ಉರುಟಾಗಿಯೂ ಇಲ್ಲ, ಜೇಡಿಯಂತೆ ಬಿಗಿಯಾಗಿಯೂ ಇಲ್ಲ. ಕೆರೆಯ ಗೋಡಿನಂತೆ ಬೆರಳಿಗೆ ನಯವಾಗಿ ತಗಲುವುದು.

ಈ ನೆಲದಲ್ಲಿ ಆಳೆತ್ತರದ ಹುಲ್ಲು ಸಾವಿರಾರು ವರ್ಷ ಬೆಳೆಯಿತು. ಮರದ ಎಲೆಯು ನೆಲದ ಮೇಲೆ ಉದುರಿ ಕೊಳೆಯುವುದು. ಹುಲ್ಲಿನ ಬೇರಾದರೋ ನೆಲದ ಒಳಗೇ ಸತ್ತು ಕೊಳೆಯುವುದು. ಆದಕಾರಣವೇ ಕಾಡಿನ ಮಣ್ಣಿನಲ್ಲಿ ಕಪ್ಪು ಪದರವು ತೆಳುವಾಗಿಯೂ ಹುಲ್ಲುಗಾವಲಿನ ಮಣ್ಣಿನಲ್ಲಿ ದಪ್ಪವಾಗಿಯೂ ಇರುವುದು.

೨. ಮೇಲಿನಿಂದ ಕೆಳಕ್ಕೆ ಇರುವ ಪದರಗಳು

ಈ ಬಗೆಯ ಜಮೀನಿನಲ್ಲಿ ಗುಂಡಿ ತೋಡಿ ನೋಡಿದರೆ ಮೂರು ಪದರಗಳು ಕಾಣುವುವು.

ಮೊದಲನೆಯದು, ಸುಮಾರು ಒಂದೂವರೆ ಅಡಿ ದಪ್ಪವಾದ ಕಪ್ಪು ಮೇಲುಮಣ್ಣು. ಇದನ್ನು ಹದದಲ್ಲಿ ಹಿಡಿದು ಹಿಸುಕಿದರೆ ರಾಗಿಯ ಕಾಳಿನಂತೆ ಸಣ್ಣ ಸಣ್ಣ ಹರಳಾಗಿ ಉದುರುವುದು. ನೂರು ಭಾಗ ಮಣ್ಣಿನಲ್ಲಿ ಸುಮಾರು ೪ ಅಥವಾ ೫ ಭಾಗ ಕೊಳೆತ ಸಸ್ಯಾಂಶವಿರುವುದು.

ಎರಡನೆಯದು, ಕಂದು ಬಣ್ಣದ ಕೆಳಮಣ್ಣು. ಮೇಲಿನಿಂದ ನೀರಿನೊಡನೆ ಇಳಿದ ಜೇಡಿಯು ಇಲ್ಲಿ ತಂಗಿರುವುದರಿಂದ ಇದು ಮೇಲುಮಣ್ಣಿಗಿಂತ ಬಿಗಿಯಾದುದು. ಇದರಲ್ಲಿ ಬೂದು ಬಣ್ಣದ ಮತ್ತು ತುಕ್ಕು ಬಣ್ಣದ ಚುಕ್ಕೆಗಳು ಹರಡಿರುವುವು.

ಮೂರನೆಯದು, ಹಿಮವು ಬಿಟ್ಟುಹೋದ ಸುಣ್ಣ ಬೆರೆತ ಗಟ್ಟಿಯಾದ ಮಣ್ಣು. ನೀರು ಇದರೊಳಕ್ಕೆ ಇಳಿಯುವುದು ನಿಧಾನ.

ಇಂಥ ಭೂಮಿಯು ನೀರನ್ನು ಹಿಡಿದಿಡುವುದರಲ್ಲಿ ಬಹಳ ಸಮರ್ಥವಾದುದು. ೫ ಅಡಿ ಆಳದ ಮಣ್ಣು ಪೈರಿಗೆ ದೊರೆಯತಕ್ಕ ನೀರನ್ನು ಸುಮಾರು ೧೧ ಅಥವಾ ೧೨ ಅಂಗುಲ ಮಳೆಗೆ ಸಮನಾಗುವಷ್ಟು ಶೇಖರಿಸಿಡಬಲ್ಲದು. ಗುಣ ಇಷ್ಟಿದ್ದರೂ ಒಂದು ದೋಷವುಂಟು. ಅಲ್ಲಿ ಚಳಿಗಾಲದ ಹಿಮವು ಕರಗಿ, ವಸಂತದ ಮಳೆಯೂ ಬೀಳುವ ತಿಂಗಳುಗಳಲ್ಲಿ, ನೆಲದೊಳಗಿನ ನೀರು ಮೇಲಕ್ಕೆ ಏರಿ, ಮೇಲ್ಮೈಯಿಂದ ಒಂದೆರಡು ಅಡಿಯಲ್ಲಿಯೇ ನಿಲ್ಲುವುದು. ಬಿತ್ತನೆಗೆ ನೆಲವನ್ನು ಸಿದ್ಧಪಡಿಸತಕ್ಕ ಕಾಲವೂ ಅದೇ.

೩. ಬಣ್ಣದ ಚುಕ್ಕೆಗಳ ಅರ್ಥ

ಕೆಳಮಣ್ಣಿನ ಚುಕ್ಕೆಗಳನ್ನು ರೈತನು ಅಸಡ್ಡೆ ಮಾಡತಕ್ಕದ್ದಲ್ಲ. ಅವು ನೀರು ತಾನು ನಿಂತ ಎತ್ತರವನ್ನು ತಾನೇ ಬರೆದಿಟ್ಟ ದಾಖಲೆಯಾಗಿವೆ.

ಮಣ್ಣಿಗೆ ಕೆಂಪು, ಹಳದಿ, ಕಂದು ಬಣ್ಣಗಳನ್ನು ಕೊಡುವುದು ಅದರಲ್ಲಿರುವ ಕಬ್ಬಿಣ. ಗಾಳಿಯು ಆಡುವ ಮಣ್ಣಿನಲ್ಲಿ ಕಬ್ಬಿಣವು ತುಕ್ಕಾಗಿ ಮಣ್ಣಿನ ಕಣಗಳಿಗೆ ಅಂಟಿಕೊಂಡಿರುವುದು. ನೀರು ಬಹುಕಾಲ ನಿಂತು ಗಾಳಿಯು ಇಲ್ಲದಂತಾದರೆ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಆ ತುಕ್ಕನ್ನು ಕರಗಿಸಿಬಿಡುವುವು. ಕಬ್ಬಿಣವು ಬಿಟ್ಟುಹೋದ ಜಾಗವು ಬೂದು ಬಣ್ಣಕ್ಕೆ ತಿರುಗುವುದು. ಕರಗಿದ ಕಬ್ಬಿಣವು ಗಾಳಿಯಿರುವ ಸಂದಿಯನ್ನು ಸೇರಿ ಮತ್ತೆ ತುಕ್ಕಾಗಿ ಕೂಡುವುದು. ಆದ್ದರಿಂದ ಬೂದು ಮತ್ತು ತುಕ್ಕು ಬಣ್ಣಗಳು ಬೆರೆತಿರುವ ಮಣ್ಣಿನಲ್ಲಿ ವರ್ಷದ ಕೆಲವು ಕಾಲ ನೀರೂ ಕೆಲವು ಕಾಲ ಗಾಳಿಯೂ ಇರುವುದೆಂದು ತಿಳಿಯತಕ್ಕದ್ದು. ಪೂರ್ತಿ ಬೂದು ಬಣ್ಣವಾದ ಪದರದಲ್ಲಿ ವರ್ಷದ ಬಹುಭಾಗ ನೀರೇ ಇರುವುದು.

ಇಲ್ಲಿ ಒಂದು ಎಚ್ಚರಿಕೆಯುಂಟು. ನೀರನ್ನು ಬಸಿದು ತೆಗೆದ ಮೇಲೂ ಈ ಚುಕ್ಕೆಗಳು ಬಹುಕಾಲ ಅಳಿಯುವುದಿಲ್ಲ. ಬಣ್ಣವು ಭೂಮಿಯ ಹುಟ್ಟುಗುಣವನ್ನು ಹೇಳುವುದು. ಈಗಿನ ಸ್ಥಿತಿಯನ್ನು ತಿಳಿಯಬೇಕಾದರೆ ಮಳೆಗಾಲದಲ್ಲಿ ಗುಂಡಿಯೊಳಗೆ ನೀರು ಎಲ್ಲಿಯವರೆಗೆ ಏರುವುದೆಂಬುದನ್ನು ಕಣ್ಣಾರೆ ನೋಡಬೇಕು.

೪. ಒಂದೇ ಬಯಲಿನಲ್ಲಿ ಮೂರು ಬಗೆ

ಇಲಿನಾಯ್ ಬಯಲು ದೂರದಿಂದ ಸಮವಾಗಿ ಕಂಡರೂ ಸಮವಲ್ಲ. ಕೆಲವೇ ಅಡಿಗಳ ಏರಿಳಿತದಿಂದ ಮಣ್ಣಿನ ಗುಣವು ಬೇರೆಯಾಗುವುದು. ಸ್ವಲ್ಪ ದಿಣ್ಣೆಯಾದ ಕಡೆ ಕ್ಯಾಟ್ಲಿನ್ ಎಂಬ ಮಣ್ಣು ಇದ್ದು ಅಲ್ಲಿ ನೀರು ತಕ್ಕಮಟ್ಟಿಗೆ ಚೆನ್ನಾಗಿ ಬಸಿಯುವುದು. ನಡುವಣ ಸಮನೆಲದಲ್ಲಿ ಫ್ಲಾನಗನ್ ಇರುವುದು. ಇದೇ ಅರೆಜೌಗಿನ ಭೂಮಿ. ತಗ್ಗಿನಲ್ಲಿ ಡ್ರಮ್ಮರ್ ಎಂಬ ಜೌಗು ಮಣ್ಣು ಇರುವುದು. ಈ ಡ್ರಮ್ಮರ್ ಮಣ್ಣನ್ನೇ ೨೦೦೧ರಲ್ಲಿ ಇಲಿನಾಯ್ ಸಂಸ್ಥಾನದ ಮಣ್ಣೆಂದು ಶಾಸನದಿಂದ ಗೊತ್ತುಮಾಡಿದರು.

ಮೂರೂ ಕಪ್ಪಾಗಿಯೇ ಇರುವುವು. ಉತ್ತಷ್ಟು ಆಳವನ್ನು ಮಾತ್ರ ನೋಡಿದವನಿಗೆ ವ್ಯತ್ಯಾಸವು ತಿಳಿಯದು. ಮೂರಡಿ ತೋಡಿದವನಿಗೆ ತಿಳಿಯುವುದು.

೫. ನೀರು ನಿಲ್ಲುವುದರಿಂದ ಆಗುವ ಹಾನಿ

(ಅ) ಬೇರಿಗೆ ಗಾಳಿಯಿಲ್ಲದೆ ಪೈರು ಹಳದಿಯಾಗಿ ಕುಗ್ಗುವುದು.

(ಆ) ಮಣ್ಣಿನಲ್ಲಿರುವ ಸಾರಜನಕದ ಒಂದು ಭಾಗವು ಅನಿಲವಾಗಿ ಮೇಲೆದ್ದು ಹೋಗುವುದು. ಹಾಕಿದ ಗೊಬ್ಬರವು ನಷ್ಟವಾಗುವುದು.

(ಇ) ಒದ್ದೆಯಾದ ನೆಲವು ಬೇಗನೆ ಕಾವೇರದು. ಚಳಿದೇಶದಲ್ಲಿ ಇದರಿಂದ ಬೀಜವು ಮೊಳೆಯುವುದು ತಡವಾಗುವುದು.

(ಈ) ಹದ ಬರುವ ಮೊದಲೇ ಉತ್ತರೆ ಮಣ್ಣು ಮೆತ್ತಿಕೊಂಡು ಹೆಂಟೆಯಾಗುವುದು. ಕಾದು ಕುಳಿತರೆ ಬಿತ್ತನೆಯ ಕಾಲವು ಮೀರುವುದು.

(ಉ) ಎಳೆಯ ಪೈರಿನ ಬೇರು ನೀರಿಗೆ ಹೆದರಿ ಮೇಲೆಯೇ ಹರಡುವುದು. ಅನಂತರ ಬೇಸಗೆಯಲ್ಲಿ ನೀರು ಕೆಳಗಿಳಿದಾಗ ಬೇರಿಗೆ ಅದು ನಿಲುಕದು. ಹೀಗೆ ಮೊದಲು ನೀರು ಹೆಚ್ಚಾಗಿ ಕೆಟ್ಟ ಪೈರೇ ಕಡೆಗೆ ನೀರಿಲ್ಲದೆಯೂ ಒಣಗುವುದು.

೬. ನೆಲದೊಳಗಿನ ಕೊಳವೆಗಳು

೧೮೩೭ರಲ್ಲಿ ಜಾನ್ ಡೀರ್ ಎಂಬ ಕಮ್ಮಾರನು ಇಲಿನಾಯ್ ಸಂಸ್ಥಾನದ ಗ್ರಾಂಡ್ ಡಿಟೂರ್ ಎಂಬ ಊರಿನಲ್ಲಿ ಉಕ್ಕಿನ ನೇಗಿಲನ್ನು ಮಾಡಿದ ಮೇಲೆ, ಅಂಟಾದ ಹುಲ್ಲುಗಾವಲು ಮಣ್ಣನ್ನು ಉಳುವುದು ಸುಲಭವಾಯಿತು. ಆದರೂ ತಗ್ಗಾದ ಒದ್ದೆ ಬಯಲುಗಳು ಬಹುಕಾಲ ದನ ಮೇಯುವುದಕ್ಕೆ ಮಾತ್ರ ಇದ್ದುವು. ನಿಂತ ನೀರಿನ ಸೊಳ್ಳೆಗಳಿಂದ ಚಳಿಜ್ವರವು ಹಬ್ಬಿ ಒಕ್ಕಲುಗಳು ಬಹಳ ಕಷ್ಟಪಟ್ಟುವು. ನೇಗಿಲು ಹುಲ್ಲನ್ನು ಗೆದ್ದಿತು, ನೀರನ್ನು ಗೆಲ್ಲಲಿಲ್ಲ.

ನೀರನ್ನು ಗೆದ್ದುದು ಸುಟ್ಟ ಮಣ್ಣಿನ ಕೊಳವೆ. ೧೮೩೮ರಲ್ಲಿ ಸ್ಕಾಟ್ಲೆಂಡಿನಿಂದ ಬಂದು ನೆಲಸಿದ್ದ ಜಾನ್ ಜಾನ್‌ಸ್ಟನ್ ಎಂಬ ರೈತನು ನ್ಯೂಯಾರ್ಕ್ ಸಂಸ್ಥಾನದ ಜಿನೀವಾ ಎಂಬಲ್ಲಿ ತನ್ನ ಹೊಲದಲ್ಲಿ ಇವನ್ನು ಹೂಳತೊಡಗಿದನು. ಮುಂದೆ ಈ ಪದ್ಧತಿಯು ಇಲಿನಾಯ್ ಬಯಲಿಗೂ ಹರಡಿತು. ಸುಮಾರು ಮೂರು ನಾಲ್ಕು ಅಡಿ ಆಳದ ಚರಂಡಿಯನ್ನು ತೋಡಿ, ಸಣ್ಣ ಕೊಳವೆಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಒತ್ತಿ ಇಟ್ಟು, ಒಂದೇ ಸಮನಾದ ವಾಟವನ್ನು ಕೊಟ್ಟು ಮಣ್ಣು ಮುಚ್ಚುವರು. ನೀರು ಸಂದುಗಳ ಮೂಲಕ ಒಳಹೊಕ್ಕು ಹರಿದುಹೋಗುವುದು. ಮೇಲೆ ನೇಗಿಲು ಅಡ್ಡಿಯಿಲ್ಲದೆ ನಡೆಯುವುದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಮಣ್ಣಿನ ಕೊಳವೆಗೆ ಬದಲಾಗಿ ರಂಧ್ರಗಳುಳ್ಳ ಪ್ಲಾಸ್ಟಿಕ್ ಕೊಳವೆಯು ರೂಢಿಗೆ ಬಂದಿತು.

ಕೊಳವೆಯಿಂದ ಭೂಮಿಯು ಒಣಗಿಹೋಗುವುದೆಂಬ ಭಯವು ಸರಿಯಲ್ಲ. ಮಣ್ಣಿನ ದೊಡ್ಡ ಸಂದಿಗಳಲ್ಲಿ ನಿಂತು ಗಾಳಿಯನ್ನು ತಡೆಯುವ ನೀರು ಮಾತ್ರವೇ ಬಸಿಯುವುದು. ಕಣಗಳು ಹಿಡಿದಿರುವ ನೀರು ಪೈರಿಗಾಗಿ ಉಳಿಯುವುದು.

ಆದರೆ ಕೊಳವೆಗೂ ಒಂದು ದೋಷವುಂಟು. ನೀರಿನೊಡನೆ ಕರಗಿದ ಸಾರಜನಕವೂ ಹರಿದುಹೋಗುವುದು. ಇಲಿನಾಯ್ ಮತ್ತು ಅದರ ನೆರೆಯ ಸಂಸ್ಥಾನಗಳ ಹೊಲಗಳಿಂದ ಹೀಗೆ ಹರಿದ ಸಾರಾಂಶವು ಮಿಸ್ಸಿಸ್ಸಿಪ್ಪಿ ನದಿಯ ಮೂಲಕ ಮೆಕ್ಸಿಕೋ ಕೊಲ್ಲಿಯನ್ನು ಸೇರಿ, ಅಲ್ಲಿನ ನೀರಿನಲ್ಲಿ ಜಲಚರಗಳಿಗೆ ಪ್ರಾಣವಾಯು ಸಾಲದಂತೆ ಮಾಡುತ್ತಿದೆ. ಆದಕಾರಣ ಕೊಳವೆಯ ಬಾಯಿಗೆ ಹಲಗೆಯ ತಡೆಯನ್ನಿಟ್ಟು ಬೇಡವಾದಾಗ ನೀರನ್ನು ನಿಲ್ಲಿಸುವುದು, ಮುಖ್ಯ ಬೆಳೆಯಿಲ್ಲದ ಕಾಲದಲ್ಲಿ ನೆಲಕ್ಕೆ ಹೊದಿಕೆಯಾಗಿ ಮತ್ತೊಂದು ಪೈರನ್ನು ಬೆಳೆಯುವುದು, ಗೊಬ್ಬರವನ್ನು ಪೈರಿಗೆ ಬೇಕಾದಾಗಲೇ ಕೊಡುವುದು, ಈ ಉಪಾಯಗಳನ್ನು ಅಲ್ಲಿ ಅನುಸರಿಸುತ್ತಾರೆ.

೭. ಒಬ್ಬನಿಂದ ಆಗದ ಕೆಲಸ

ಕೊಳವೆಯ ನೀರು ಎಲ್ಲಿಗೆ ಹೋಗಬೇಕು? ತಗ್ಗಿನಲ್ಲಿರುವ ನೆರೆಯವನ ಹೊಲಕ್ಕೆ ಹರಿಸಿದರೆ ಒಬ್ಬನ ಲಾಭವು ಮತ್ತೊಬ್ಬನ ನಷ್ಟವಾಗುವುದು. ಹಳ್ಳದವರೆಗೆ ಕಾಲುವೆಯಿಲ್ಲದಿದ್ದರೆ ಹೊಲದೊಳಗಿನ ಕೊಳವೆಯು ವ್ಯರ್ಥ. ಈ ತೊಡಕನ್ನು ಬಿಡಿಸುವುದಕ್ಕಾಗಿ ಇಲಿನಾಯ್ ಜನರು ೧೮೭೮ರಲ್ಲಿ ತಮ್ಮ ಸಂಸ್ಥಾನದ ಮೂಲಶಾಸನವನ್ನೇ ತಿದ್ದಿ, ೧೮೭೯ರಲ್ಲಿ ಕಾನೂನು ಮಾಡಿದರು. ಅದರಂತೆ ಒಂದು ಪ್ರದೇಶದ ಹಿಡುವಳಿದಾರರು ಸೇರಿ ಅರ್ಜಿಯನ್ನು ಕೊಟ್ಟು ಬಸಿಗಾಲುವೆ ಮಂಡಲವನ್ನು ಸ್ಥಾಪಿಸಿಕೊಳ್ಳಬಹುದು. ಖರ್ಚನ್ನು ಎಲ್ಲರ ಮೇಲೂ ಒಂದೇ ಸಮನಾಗಿ ಹಾಕದೆ, ಯಾವ ಜಮೀನಿಗೆ ಎಷ್ಟು ಪ್ರಯೋಜನವೋ ಅಷ್ಟರ ಮೇರೆಗೆ ಹಂಚುವರು.

ಗ್ರಾಮದ ಮುಖ್ಯಸ್ಥರು ಮುಖ್ಯವಾಗಿ ಗಮನಿಸತಕ್ಕ ಅಂಶವು ಇದೇ. ನೇಗಿಲು ಒಬ್ಬನದು, ನೀರಿನ ದಾರಿಯು ಊರಿನದು.

೮. ಕಪ್ಪು ಮಣ್ಣಿನ ಸಾರವೂ ಅಕ್ಷಯವಲ್ಲ

ನೀರು ಬಸಿದ ಮೇಲೆ ಈ ಭೂಮಿಯು ಎಂದಿಗೂ ಬರಿದಾಗದೆಂದು ಅಲ್ಲಿನ ಅನೇಕರು ನಂಬಿದ್ದರು. ಈ ನಂಬಿಕೆಯನ್ನು ಪರೀಕ್ಷಿಸಿದ ಹೊಲವು ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿದೆ. ಮಾರೋ ತಾಕುಗಳೆಂದು ಹೆಸರಾದ ಇವನ್ನು ೧೮೭೬ರಲ್ಲಿ ಅರ್ಬಾನಾ ಎಂಬಲ್ಲಿ ಫ್ಲಾನಗನ್ ಮಣ್ಣಿನ ಮೇಲೆಯೇ ಏರ್ಪಡಿಸಿದರು. ಒಂದು ತಾಕಿನಲ್ಲಿ ಅಂದಿನಿಂದಲೂ ಪ್ರತಿವರ್ಷವೂ ಮುಸುಕಿನ ಜೋಳವನ್ನೇ ಬಿತ್ತುತ್ತಾರೆ. ಇನ್ನೊಂದರಲ್ಲಿ ಮುಸುಕಿನ ಜೋಳ ಮತ್ತು ಓಟ್ಸ್ ಧಾನ್ಯಗಳನ್ನು ಸರದಿಯಾಗಿ ಬೆಳೆಯುತ್ತಿದ್ದು, ೧೯೬೭ರಿಂದ ಓಟ್ಸ್ ಬದಲು ಸೋಯಾ ಅವರೆಯನ್ನು ಬೆಳೆಯುತ್ತಾರೆ. ಮತ್ತೊಂದರಲ್ಲಿ ಮುಸುಕಿನ ಜೋಳ, ಓಟ್ಸ್, ದ್ವಿದಳ ಜಾತಿಯ ಮೇವು ಹೀಗೆ ಮೂರು ವರ್ಷದ ಸರದಿ. ೧೯೦೪ರಿಂದ ತಾಕುಗಳ ಒಂದು ಭಾಗಕ್ಕೆ ಕೊಟ್ಟಿಗೆ ಗೊಬ್ಬರ, ಸುಣ್ಣ, ರಂಜಕದ ಗೊಬ್ಬರಗಳನ್ನು ಹಾಕಿದರು. ಉಳಿದ ಭಾಗಕ್ಕೆ ಏನನ್ನೂ ಹಾಕಲಿಲ್ಲ.

ಗೊಬ್ಬರವಿಲ್ಲದೆ ಎಡೆಬಿಡದೆ ಮುಸುಕಿನ ಜೋಳವನ್ನೇ ಬೆಳೆದ ಕಡೆ ಇಳುವರಿಯು ಎಲ್ಲಕ್ಕಿಂತ ಕೀಳಾಯಿತು. ಮಣ್ಣಿನ ಸಸ್ಯಾಂಶವೂ ಬಹಳವಾಗಿ ಕ್ಷೀಣಿಸಿತು. ದ್ವಿದಳದ ಸರದಿಯೂ ಗೊಬ್ಬರವೂ ಇದ್ದ ಕಡೆ ಭೂಮಿಯು ತನ್ನ ಶಕ್ತಿಯನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ೧೯೫೫ರಲ್ಲಿ ಬಡವಾದ ತಾಕುಗಳ ಕೆಲವು ಭಾಗಗಳಿಗೆ ಸುಣ್ಣವನ್ನೂ ರಾಸಾಯನಿಕ ಗೊಬ್ಬರಗಳನ್ನೂ ಹಾಕಲು ಆರಂಭಿಸಿದಾಗ ಇಳುವರಿಯು ಬೇಗನೆ ಏರಿತು. ಆದರೆ ಹೋದ ಸಸ್ಯಾಂಶವು ಅಷ್ಟು ಬೇಗನೆ ಹಿಂದಿರುಗುವುದಲ್ಲ. ಈ ತಾಕುಗಳಿಗೆ ನೆರಳು ಬೀಳಬಾರದೆಂದು ಪಕ್ಕದ ಪುಸ್ತಕಭಂಡಾರವನ್ನು ನೆಲದೊಳಗೆ ಕಟ್ಟಿದರೆಂಬುದರಿಂದ ಅವಕ್ಕಿರುವ ಬೆಲೆಯನ್ನು ಊಹಿಸಬಹುದು.

೯. ಕನ್ನಡ ನಾಡಿನ ಎರೆಭೂಮಿಗೆ ಹೋಲಿಸುವಾಗ

ಮೇಲೆ ಹೇಳಿದ ಕಪ್ಪು ಭೂಮಿಯೂ ವಿಜಾಪುರ, ರಾಯಚೂರು, ಧಾರವಾಡ ಸೀಮೆಗಳ ಎರೆಭೂಮಿಯೂ ಒಂದೇ ಎಂದು ತಿಳಿಯಕೂಡದು. ಎರೆಯು ಕಪ್ಪಾಗಿದ್ದರೂ ಅದರಲ್ಲಿ ಸಸ್ಯಾಂಶವು ಸಾಮಾನ್ಯವಾಗಿ ಬಹು ಕಡಮೆ; ಜೇಡಿಯು ಬಹು ಹೆಚ್ಚು. ಅದು ನೆನೆದರೆ ಉಬ್ಬಿ ನೀರಿಗೆ ದಾರಿ ಕೊಡದು, ಒಣಗಿದರೆ ಬಿರುಕು ಬಿಡುವುದು. ಇದಲ್ಲದೆ ಒಣಹವೆಯ ಸೀಮೆಯಲ್ಲಿ ನೀರು ನೆಲದೊಳಗೆ ಮೇಲೇರಿ ಆರಿಹೋದರೆ ಉಪ್ಪು ಹಿಂದುಳಿದು ಭೂಮಿಯು ಚೌಳಾಗುವುದು. ೧೯೫೩ರಲ್ಲಿ ನೀರು ಬಿಟ್ಟ ತುಂಗಭದ್ರಾ ಕಾಲುವೆಯ ಕೆಳಗೆ ಅನೇಕ ಎರೆಜಮೀನುಗಳು ಹೀಗೆ ಜೌಗೂ ಚೌಳೂ ಆದುವು. ಆದ್ದರಿಂದ ಇಲಿನಾಯ್ ಕೊಳವೆಯ ಅಳತೆಯನ್ನು ಇಲ್ಲಿ ಹಾಗೆಯೇ ನಕಲು ಮಾಡತಕ್ಕದ್ದಲ್ಲ. ಮೊದಲು ಗುಂಡಿ ತೋಡಿ ಕೆಳಮಣ್ಣನ್ನು ನೋಡುವುದು, ನೀರಿನ ಹೊರದಾರಿಯನ್ನು ಊರವರೆಲ್ಲ ಕೂಡಿ ಗೊತ್ತುಮಾಡುವುದು, ಈ ಎರಡು ನಿಯಮಗಳು ಮಾತ್ರ ಎರಡು ದೇಶಕ್ಕೂ ಸಮಾನವಾದುವು.

ಸಾರಾಂಶ

೧. ಮೇಲುಮಣ್ಣಿನ ಕಪ್ಪನ್ನು ನೋಡಿ ಜಮೀನಿನ ಬೆಲೆ ಕಟ್ಟಬಾರದು; ಮೂರು ನಾಲ್ಕು ಅಡಿ ತೋಡಿ ನೋಡಬೇಕು.

೨. ಬೂದು ಮತ್ತು ತುಕ್ಕು ಬಣ್ಣದ ಚುಕ್ಕೆಗಳು ಎಷ್ಟು ಮೇಲೆ ಕಾಣುವುವೋ ನೀರು ಅಷ್ಟು ಮೇಲೆ ನಿಲ್ಲುತ್ತಿದ್ದಿತೆಂದು ತಿಳಿಯಬೇಕು.

೩. ಹದವಿಲ್ಲದ ಒದ್ದೆ ನೆಲವನ್ನು ಉಳಬಾರದು.

೪. ಹೊರದಾರಿಯನ್ನು ಗೊತ್ತುಮಾಡದೆ ಬಸಿಗಾಲುವೆಯನ್ನು ತೋಡಬಾರದು. ತೋಡುವಾಗ ಕೆಳಗಿನ ಹೊಲದವನನ್ನೂ ಕೂಡಿಸಿಕೊಳ್ಳಬೇಕು.

೫. ನೀರು ಬಸಿದ ಭೂಮಿಗೆ ಗೊಬ್ಬರವನ್ನೂ ದ್ವಿದಳ ಬೆಳೆಯ ಸರದಿಯನ್ನೂ ತಪ್ಪಿಸಬಾರದು. ಸಾವಿರಾರು ವರ್ಷ ಹುಲ್ಲು ಕೂಡಿಟ್ಟ ಸಾರವನ್ನು ಒಂದು ತಲೆಮಾರು ತಿಂದು ಮುಗಿಸಿದರೆ ಮುಂದಿನವರಿಗೆ ಬಣ್ಣವು ಮಾತ್ರ ಉಳಿಯುವುದು.