ರೋಗಪೀಡಿತ ಮಗುವಿನ ಮನಸ್ಸು

ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟವು ಪೂರ್ವದಿಂದ ನೋಡಿದವರಿಗೆ ನಂದಿಯಂತೆಯೂ ಪಶ್ಚಿಮದಿಂದ ಗಣಪತಿಯಂತೆಯೂ ದಕ್ಷಿಣದಿಂದ ಲಿಂಗದಂತೆಯೂ ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ಕಾಣುವುದೆಂದು ಹೇಳುವರು. ಬೆಟ್ಟ ಒಂದೇ, ನೋಡುವವರು ನಿಂತ ನೆಲೆ ಬೇರೆ. ಮಗುವಿಗೆ ಬಂದ ದೊಡ್ಡ ಕಾಯಿಲೆಯೂ ಹೀಗೆಯೇ. ವೈದ್ಯರಿಗೆ ಅದು ರಕ್ತಪರೀಕ್ಷೆಯ ಅಂಕಿಗಳಲ್ಲಿ ಕಾಣುತ್ತದೆ; ತಂದೆಗೆ ಸಾಲದ ಲೆಕ್ಕದಲ್ಲಿ, ತಾಯಿಗೆ ನಿದ್ದೆಯಿಲ್ಲದ ಇರುಳುಗಳಲ್ಲಿ. ಮಗು ನಿಂತ ನೆಲೆಯಿಂದ ಅದು ಹೇಗೆ ಕಾಣುತ್ತದೆಂದು ವಿಚಾರಿಸುವವರು ಕಡಿಮೆ.

ಈ ಬೆಟ್ಟದ ತಪ್ಪಲಿನ ಎಂಟು ವರ್ಷದ ಬಾಲಕನೊಬ್ಬನಿಗೆ ರಕ್ತದ ಕ್ಯಾನ್ಸರ್ ತಗುಲಿತೆಂದು ಭಾವಿಸೋಣ. ಸುಮಾರು 50 ಕಿಲೋಮೀಟರು ದೂರದ ಬೆಂಗಳೂರಿನಲ್ಲಿ, 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಆಸ್ಪತ್ರೆಗೆ ಅವನನ್ನು ಕರೆದೊಯ್ಯುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಎರಡು ಮೂರು ವರ್ಷಗಳ ಚಿಕಿತ್ಸೆ ಬೇಕು. ಸಕಾಲದಲ್ಲಿ ಸರಿಯಾದ ಚಿಕಿತ್ಸೆ ದೊರೆತ ಅನೇಕ ಮಕ್ಕಳು ಗುಣಹೊಂದುತ್ತಾರೆ. ಇದು ವೈದ್ಯರಿಗೆ ತಿಳಿದ ವಿಷಯ. ಬಾಲಕನಿಗೆ ತಿಳಿದಿರುವುದಾದರೂ ಏನು? ದಿನವೂ ಸೂಜಿ ಚುಚ್ಚುತ್ತಾರೆ, ತಲೆಗೂದಲು ಉದುರುತ್ತಿದೆ, ತಾನು ಬಂದೊಡನೆ ಹಿರಿಯರ ಮಾತು ನಿಲ್ಲುತ್ತದೆ. ‘ಬೆಟ್ಟದ ಕಪಿಗಳಿಗೆ ಕಲ್ಲು ಹೊಡೆದೆನಲ್ಲ, ಅದಕ್ಕೇ ಹೀಗಾಯಿತೇ?’ ಎಂದು ಅವನು ಒಳಗೊಳಗೇ ಅಂಜಬಹುದು. ಕಾಯಿಲೆಯನ್ನು ತಮ್ಮ ತಪ್ಪಿಗೆ ಬಂದ ಶಿಕ್ಷೆಯೆಂದು ಎಣಿಸುವುದು ಎಳೆಯರಲ್ಲಿ ಅಪರೂಪವಲ್ಲ. ‘ಇದು ನಿನ್ನ ತಪ್ಪಲ್ಲ’ ಎಂಬ ಒಂದು ಮಾತನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಹೇಳದಿದ್ದರೆ ಮಗುವಿಗೆ ತಿಳಿಯದೆಂಬುದು ಹಿರಿಯರ ನಂಬಿಕೆ. ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಚಿಕ್ಕ ಮಕ್ಕಳೊಡನೆ ಆಸ್ಪತ್ರೆಯಲ್ಲಿ ಬಹುಕಾಲ ಕಳೆದು, 1978ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಯಾರೂ ಹೇಳದಿದ್ದರೂ ತಮ್ಮ ಸ್ಥಿತಿ ಎಷ್ಟು ಗಂಭೀರವೆಂಬುದನ್ನು ಆ ಮಕ್ಕಳು ಅರಿತಿದ್ದರು. ಅಷ್ಟೇ ಅಲ್ಲ, ತಂದೆತಾಯಿಗಳು ನೊಂದಾರೆಂದು ಅರಿಯದವರಂತೆ ನಟಿಸುತ್ತಲೂ ಇದ್ದರು! ಹಿರಿಯರು ಮಗುವನ್ನು ಕಾಯಲು ಮೌನವಾದರೆ, ಮಗು ಹಿರಿಯರನ್ನು ಕಾಯಲು ಮೌನವಾಗುತ್ತದೆ. ನಡುವೆ ಅದು ಒಂಟಿಯಾಗುತ್ತದೆ. ಎಲ್ಲವನ್ನೂ ಒಮ್ಮೆಲೇ ಹೇಳಬೇಕೆಂದಲ್ಲ. ಕೇಳಿದಷ್ಟಕ್ಕೆ, ವಯಸ್ಸಿಗೆ ತಕ್ಕಂತೆ, ನಿಜವನ್ನೇ ಹೇಳಬೇಕು. ‘ಸೂಜಿ ನೋಯುವುದೇ ಇಲ್ಲ’ ಎಂದು ಒಮ್ಮೆ ಸುಳ್ಳಾಡಿದವರ ಮಾತನ್ನು ಮಗು ಮತ್ತೆ ನಂಬುವುದು ಕಷ್ಟ.

ತಾಯಿ ಹತ್ತಿರವಿರುವುದೂ ಔಷಧದಷ್ಟೇ ಅಗತ್ಯ. ಹಿಂದೆ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಹೆತ್ತವರು ಮಗುವನ್ನು ನೋಡಲು ಬಹಳ ಕಡಿಮೆ ಅವಕಾಶವಿತ್ತು. ಅಳದೆ ಮಲಗಿದ ಮಗು ‘ಹೊಂದಿಕೊಂಡಿದೆ’ ಎಂದು ದಾದಿಯರು ಸಮಾಧಾನಪಡುತ್ತಿದ್ದರು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬುವರು ಎರಡು ವರ್ಷದ ಹುಡುಗಿಯೊಬ್ಬಳ ಎಂಟು ದಿನಗಳ ಆಸ್ಪತ್ರೆವಾಸವನ್ನು ಚಲನಚಿತ್ರವಾಗಿಸಿ, ಆ ಮೌನದಲ್ಲಿದ್ದ ದುಃಖವನ್ನು ವೈದ್ಯರಿಗೆ ತೋರಿಸಿದರು. 1959ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ್ದ ಪ್ಲಾಟ್ ಸಮಿತಿಯು ಹೆತ್ತವರಿಗೆ ಆಸ್ಪತ್ರೆಯ ಬಾಗಿಲು ತೆರೆದಿರಲಿ ಎಂದು ಶಿಫಾರಸು ಮಾಡಿತು. ನಮ್ಮ ಹಳ್ಳಿಗಳ ತಾಯಂದಿರು ಯಾವ ವರದಿಯನ್ನೂ ಓದದೆ ಮಗುವಿನ ಮಂಚದ ಪಕ್ಕದಲ್ಲಿ ಚಾಪೆ ಹಾಸುತ್ತ ಬಂದಿದ್ದಾರೆ.

ಆಟವೂ ಬೇಕು. ಬೊಂಬೆಗೆ ತಾನೇ ಸೂಜಿಮದ್ದು ಕೊಟ್ಟು ‘ಅಳಬೇಡ’ ಎನ್ನುವ ಮಗು, ಬಾಯಲ್ಲಿ ಹೇಳಲಾರದ ತನ್ನ ಭಯವನ್ನು ಬೊಂಬೆಯ ಬಾಯಲ್ಲಿ ಆಡಿಸುತ್ತದೆ.

ಇನ್ನು ಸಹಪಾಠಿಗಳು. ಕ್ಯಾನ್ಸರ್ ಸಾಂಕ್ರಾಮಿಕವಲ್ಲ, ಜೊತೆಯಲ್ಲಿ ಕುಳಿತರೆ ಅಂಟುವುದಿಲ್ಲ. ಆದರೆ ಚಿಕಿತ್ಸೆಯ ಕಾಲದಲ್ಲಿ ರೋಗನಿರೋಧಕ ಶಕ್ತಿ ಕುಂದಿರುವುದರಿಂದ ಬೇರೆಯವರ ನೆಗಡಿ, ಜ್ವರಗಳು ಆ ಮಗುವಿಗೆ ಅಪಾಯಕರ. ನೆಗಡಿಯಾದ ಗೆಳೆಯ ದೂರವಿದ್ದು ಕಾಗದ ಬರೆಯಬಹುದು: ತರಗತಿಯಲ್ಲಿ ಯಾರು ಏಟು ತಿಂದರು, ಸಂಕ್ರಾಂತಿಗೆ ಬೆಟ್ಟಕ್ಕೆ ಎಷ್ಟು ಜನ ಬಂದರು, ಕಪಿಗಳು ಯಾರ ಬಾಳೆಹಣ್ಣು ಕಸಿದವು. ಕನಿಕರದ ಮಾತುಗಳಿಗಿಂತ ಇಂಥ ಸುದ್ದಿಗಾಗಿ ಮಗು ಹೆಚ್ಚು ಕಾತರಿಸುತ್ತದೆ.

ಬಾಲಕನು ಬೋಳುತಲೆಗೆ ಟೋಪಿ ತೊಟ್ಟು ಶಾಲೆಗೆ ಮರಳುವ ದಿನವೂ ಬರುತ್ತದೆ. ಕೂದಲು ಚಿಕಿತ್ಸೆ ಮುಗಿದ ಮೇಲೆ ಮತ್ತೆ ಬೆಳೆಯುತ್ತದೆ. ಟೋಪಿಯನ್ನು ಯಾರೂ ಎಳೆಯದಿದ್ದರಾಯಿತು. ಬೆಟ್ಟದ ತುದಿಗೆ ಓಡುವ ಬಲ ಅವನಿಗೆ ಇನ್ನೂ ಬಂದಿರುವುದಿಲ್ಲ. ಗಂಗಾಧರೇಶ್ವರನ ಗುಡಿಯವರೆಗೆ ಹತ್ತಿ ಅವನು ದಣಿದು ಕುಳಿತರೆ, ಮೇಲಕ್ಕೆ ಹೊರಟವರಲ್ಲಿ ಒಬ್ಬಿಬ್ಬರು ಅವನ ಪಕ್ಕದಲ್ಲಿಯೇ ಕುಳಿತು ಬುತ್ತಿ ಬಿಚ್ಚಬಹುದು.