ಲೈನ್ ಬಿದ್ದರೆ ರೂಟರೇ ಹೇಳಲಿ

ಆಫೀಸಿನವರು ‘ನೆಟ್ ಇಲ್ಲ’ ಎಂದು ಫೋನ್ ಮಾಡುವ ಮೊದಲೇ ರೂಟರ್ ಮೇಲ್ ಕಳಿಸುವಂತೆ ಮಾಡಬಹುದು. ಇಲ್ಲಿ ಹೇಳುವುದು ಮೈಕ್ರೋಟಿಕ್ ರೂಟರಿಗೆ, ರೂಟರ್‌ಓಎಸ್ 7ರಲ್ಲಿ. ವಿನ್‌ಬಾಕ್ಸ್ ತೆರೆದು ಲಾಗಿನ್ ಆಗಿ.

ಹಂತ 1: ಟೈಮ್
ಬೇಸರದ ಕೆಲಸ, ಆದರೂ ಮೊದಲು ಇದೇ. ಇಂಥ ಎಷ್ಟೋ ರೂಟರುಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದರೆ ಲಾಗ್‌ನಲ್ಲಿ 1970ನೇ ಇಸವಿ ಕಾಣಿಸಬಹುದು. ‘ಸಿಸ್ಟಮ್’ ಮೆನುವಿನಲ್ಲಿ ಎನ್‌ಟಿಪಿ ಕ್ಲೈಂಟ್ ಆನ್ ಮಾಡಿ ಸರ್ವರ್ ಹೆಸರು ಕೊಡಿ. ಟೈಮ್ ಝೋನ್ ‘ಏಷ್ಯಾ/ಕೋಲ್ಕತಾ’.

ಹಂತ 2: ಮೇಲ್
‘ಟೂಲ್ಸ್’ನಲ್ಲಿ ‘ಇಮೇಲ್’ ತೆರೆಯಿರಿ. ಜಿಮೇಲ್ ಆದರೆ ಅದರ ಎಸ್‌ಎಂಟಿಪಿ ಸರ್ವರ್, ಪೋರ್ಟ್ 587, ಟಿಎಲ್‌ಎಸ್ ಜಾಗದಲ್ಲಿ ‘ಸ್ಟಾರ್ಟ್‌ಟಿಎಲ್‌ಎಸ್’. ನೀವು ದಿನಾ ಬಳಸುವ ಪಾಸ್‌ವರ್ಡ್ ಇಲ್ಲಿ ನಡೆಯದು. ಗೂಗಲ್ ಖಾತೆಯಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿ, 16 ಅಕ್ಷರದ ಆಪ್ ಪಾಸ್‌ವರ್ಡ್ ತೆಗೆದು ತುಂಬಿ. ಇದಕ್ಕೆಂದೇ ಬೇರೆ ಖಾತೆ ಮಾಡಿಕೊಳ್ಳುವುದು ಜಾಣತನ. ‘ಸೆಂಡ್ ಇಮೇಲ್’ ಒತ್ತಿ ಒಂದು ಮೇಲ್ ಕಳಿಸಿ ನೋಡಿ; ಅದು ಬಾರದೆ ಮುಂದಕ್ಕೆ ಹೋಗಬೇಡಿ.

ಹಂತ 3: ಕಾವಲು
‘ಟೂಲ್ಸ್’ನ ‘ನೆಟ್‌ವಾಚ್’ನಲ್ಲಿ ಹೊಸ ಎಂಟ್ರಿ ಸೇರಿಸಿ. ‘ಹೋಸ್ಟ್’ನಲ್ಲಿ ಆಕ್ಸೆಸ್ ಪಾಯಿಂಟಿನದೋ ಸಿಸಿಟಿವಿ ರೆಕಾರ್ಡರಿನದೋ ಐಪಿ, ‘ಇಂಟರ್ವಲ್’ ಒಂದು ನಿಮಿಷ. ‘ಟೈಪ್’ ಮಾತ್ರ ‘ಐಸಿಎಂಪಿ’ ಇರಲಿ. ‘ಸಿಂಪಲ್’ ಒಂದೇ ಪಿಂಗ್ ನೋಡಿ ತೀರ್ಪು ಕೊಟ್ಟುಬಿಡುತ್ತದೆ, ಒಂದು ಪ್ಯಾಕೆಟ್ ತಪ್ಪಿದರೂ ನಡುರಾತ್ರಿ ಮೇಲ್. ‘ಡೌನ್’ ಮತ್ತು ‘ಅಪ್’ ಸ್ಕ್ರಿಪ್ಟ್‌ಗಳಲ್ಲಿ ಮೇಲ್ ಕಳಿಸುವ ಕಮಾಂಡ್ ಬರೆಯಿರಿ. ಯಾವ ಮಹಡಿಯ ಯಾವ ಸಾಧನ ಎಂಬುದು ಸಬ್ಜೆಕ್ಟಿನಲ್ಲೇ ಇರಲಿ.

ಇನ್ನು, ಇಂಟರ್ನೆಟ್ ಲೈನೇ ಬಿದ್ದರೆ ಮೇಲ್ ಹೋಗುವುದಾದರೂ ಎಲ್ಲಿಂದ? ಒಂದೇ ಲೈನ್ ಇದ್ದವರಿಗೆ ‘ಅಪ್’ ಮೇಲ್ ಅಷ್ಟೇ ಗತಿ, ಅದೂ ಲೈನ್ ಬಂದಮೇಲೆ. ಎರಡು ಕಂಪನಿಗಳ ಲೈನ್ ಇದ್ದು, ಒಂದು ಕೈಕೊಟ್ಟರೆ ಇನ್ನೊಂದಕ್ಕೆ ತಾನೇ ಹೊರಳುವಂತಿದ್ದರೆ ಆಟವೇ ಬೇರೆ. ಆಗ 8.8.8.8ನಂಥ ಹೊರಗಿನ ಐಪಿಯನ್ನು ‘ಹೋಸ್ಟ್’ ಮಾಡಿ, ಅದಕ್ಕೆ ಹೋಗುವ ಸ್ಟ್ಯಾಟಿಕ್ ರೂಟನ್ನು ಮೊದಲ ಲೈನಿನ ಗೇಟ್‌ವೇಗೇ ಕಟ್ಟಿಹಾಕಿ. ಇಲ್ಲದಿದ್ದರೆ ಪಿಂಗ್ ಎರಡನೇ ಲೈನ್ ಹಿಡಿದು ಹೋಗಿ ‘ಎಲ್ಲ ಸರಿ ಇದೆ’ ಎನ್ನುತ್ತದೆ. ಅದೇ ಐಪಿಯನ್ನು ಆಫೀಸಿನ ಡಿಎನ್‌ಎಸ್ ಆಗಿ ಬಳಸುತ್ತಿದ್ದರೆ ಬೇರೊಂದು ಆರಿಸಿ. ಇಲ್ಲದಿದ್ದರೆ ಮೊದಲ ಲೈನ್ ಬಿದ್ದಾಗ ಆ ಡಿಎನ್‌ಎಸ್ಸೂ ಸಿಗದು.

ಹಂತ 4: ಲಾಗ್
‘ಸಿಸ್ಟಮ್’ನ ‘ಲಾಗಿಂಗ್’ನಲ್ಲಿ ಮೊದಲು ಇಮೇಲ್ ಆ್ಯಕ್ಷನ್ ಒಂದನ್ನು ಮಾಡಿಕೊಂಡು, ‘ಕ್ರಿಟಿಕಲ್’ ಟಾಪಿಕ್ಕನ್ನು ಅದಕ್ಕೆ ಸೇರಿಸಿ. ‘ಇನ್ಫೋ’ ಬೇಡವೇ ಬೇಡ, ಇನ್‌ಬಾಕ್ಸ್ ತುಂಬಿ ನೀವೇ ಓದುವುದು ಬಿಡುತ್ತೀರಿ.

ಹಂತ 5: ಪರೀಕ್ಷೆ
ಆಕ್ಸೆಸ್ ಪಾಯಿಂಟಿನ ಕೇಬಲ್ ಕೀಳಿ, ಎರಡು ನಿಮಿಷ ಕಾಯಿರಿ. ಮೇಲ್ ಬಾರದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ, ಆಮೇಲೆ ರೂಟರಿನ ಲಾಗ್.