ನೀರಿನ ಹಸುರನ್ನು ಅಳೆಯುವ ಬಗೆ

ಚನ್ನಪಟ್ಟಣದ ಬಳಿಯ ಕಣ್ವ ಜಲಾಶಯದ ಏರಿಯ ಮೇಲೆ ನಿಂತವರಿಗೆ, ನೀರು ಒಮ್ಮೆ ನೀಲಿಯಾಗಿಯೂ ಒಮ್ಮೆ ಹಸುರಾಗಿಯೂ ಕಾಣುವುದು ತಿಳಿದೇ ಇದೆ. ಪಾಚಿಯೆಂದು ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಆ ಹಸುರೆಷ್ಟು? ಅದರಲ್ಲಿ ಜೀವಂತವಾದುದೆಷ್ಟು? ಕಣ್ಣು ಉತ್ತರ ಹೇಳಲಾರದು. ತಪ್ಪು ಮಾಡಿ ನಾನು ಕಲಿತ ಈ ಪಾಠವನ್ನು ವಿಜ್ಞಾನ ಓದದ ಮಿತ್ರರಿಗೂ ತಿಳಿಸಲು ಯತ್ನಿಸುತ್ತೇನೆ.

ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಂಥ, ನೀರಿನಲ್ಲಿ ತೇಲುವ ಸಸ್ಯಗಳಿಗೆ ಸಸ್ಯಪ್ಲವಕಗಳೆಂದು ಹೆಸರು. ಮೀನಿನ ಆಹಾರದ ಮೊದಲ ಮೆಟ್ಟಿಲು ಇವೇ. ಒಂದೊಂದನ್ನೂ ಎಣಿಸುವುದು ಬಹು ಶ್ರಮದ ಕೆಲಸ. ಆದ್ದರಿಂದ ಅವುಗಳಲ್ಲಿರುವ ಪತ್ರಹರಿತ್ತನ್ನು, ಎಂದರೆ ಕ್ಲೋರೋಫಿಲ್ಲನ್ನು, ಅಳೆಯುವರು.

ಒಂದು ಲೀಟರ್ ನೀರನ್ನು ಗಾಜಿನ ನಾರಿನ ಸೋಸುಕಾಗದದಲ್ಲಿ ಶೋಧಿಸಬೇಕು. ಆ ಕಾಗದವನ್ನು ಶೇಕಡಾ 90ರ ಅಸಿಟೋನಿನಲ್ಲಿ ಅರೆದು ತಂಪಾದ ಕತ್ತಲೆಯಲ್ಲಿಟ್ಟರೆ ಬಣ್ಣವು ದ್ರವಕ್ಕೆ ಇಳಿಯುತ್ತದೆ. ಗಸಿಯನ್ನು ಬೇರ್ಪಡಿಸಿ, ತಿಳಿಯಾದ ದ್ರವವು 664 ನ್ಯಾನೋಮೀಟರಿನ ಕೆಂಪು ಬೆಳಕನ್ನು ಎಷ್ಟು ಹೀರುವುದೆಂದು ಮಾಪಕದಲ್ಲಿ ನೋಡಬೇಕು. 750ರಲ್ಲಿ ಕ್ಲೋರೋಫಿಲ್ ಬೆಳಕನ್ನು ಹೀರದು. ಅಲ್ಲಿ ಬರುವ ಅಂಕಿ ಉಳಿದ ಕದಡಿನದು. ಅದನ್ನು ಕಳೆಯಬೇಕು.

ಮೊದಲ ಸಲ ನಾನು ಸೋಸುಕಾಗದವನ್ನು ಕಿಟಕಿಯ ಬಿಸಿಲಿನಲ್ಲಿ ಮರೆತೆ. ಸಂಜೆಗೆ ಹಸುರು ಮಾಸಿ ಕಂದಾಗಿತ್ತು. ಆದರೂ ಮಾಪಕವು ಅಂಕಿಯೊಂದನ್ನು ಕೊಟ್ಟಿತು. ನಾನು ಹಿಗ್ಗಿ ಬರೆದುಕೊಂಡೆ. “ಆಮ್ಲ ಹಾಕಿ ನೋಡಿದೆಯಾ?” ಎಂದು ಅಧ್ಯಾಪಕರು ಕೇಳಿದರು. ಹಾಕಿದೆ. ಅಂಕಿ ಹೆಚ್ಚು ಕದಲಲಿಲ್ಲ. ನಾನು ಅಳೆದದ್ದು ಬಹುಪಾಲು ಸತ್ತ ಹಸುರನ್ನು!

ಇದರ ಮರ್ಮವಿಷ್ಟೆ. ಕ್ಲೋರೋಫಿಲ್ಲಿನ ನಡುವೆ ಮೆಗ್ನೀಸಿಯಮ್ ಇದೆ. ಆಮ್ಲವು ಅದನ್ನು ಕಿತ್ತುಹಾಕಿದಾಗ ಫಿಯೋಫೈಟಿನ್ ಉಳಿಯುತ್ತದೆ. ಬೆಳಕಿನ ಹೀರಿಕೆ ತಗ್ಗುತ್ತದೆ. ಮೊದಲೇ ಕೆಟ್ಟದ್ದಾದರೆ ತಗ್ಗುವುದೇನೂ ಇಲ್ಲ. ಇದನ್ನಾಧರಿಸಿ 1967ರಲ್ಲಿ ಲೊರೆನ್ಜೆನ್ ಎಂಬ ವಿಜ್ಞಾನಿ ಸೂತ್ರವೊಂದನ್ನು ಕೊಟ್ಟನು. ಲೆಕ್ಕಕ್ಕಾಗಿ ಎರಡು ನೀರುಗಳನ್ನು ಭಾವಿಸೋಣ. ಎರಡರ ಮೊದಲ ಅಂಕಿಯೂ 0.170. ಆಮ್ಲದ ಬಳಿಕ ಒಂದು 0.100ಕ್ಕೆ ಇಳಿಯಿತು, ಇನ್ನೊಂದು ಹಾಗೆಯೇ ನಿಂತಿತು. ವ್ಯತ್ಯಾಸವನ್ನು 26.7ರಿಂದಲೂ ದ್ರವದ 10 ಮಿಲಿಲೀಟರಿನಿಂದಲೂ ಗುಣಿಸಿದರೆ ಮೊದಲನೆಯದರಲ್ಲಿ ಲೀಟರಿಗೆ 18.7 ಮೈಕ್ರೋಗ್ರಾಂ ಕ್ಲೋರೋಫಿಲ್, ಎರಡನೆಯದರಲ್ಲಿ ಸೊನ್ನೆ.

ಮಂಗಳೂರಿನ ನೇತ್ರಾವತಿಯ ಅಳಿವೆಯಂಥ ಕಡೆಗೂ ಇದೇ ವಿಧಾನ ಸಲ್ಲುತ್ತದೆ. ಅಲ್ಲಿ ಉಬ್ಬರವಿಳಿತಗಳು ತಳದ ಕೆಸರನ್ನೂ ಕೊಳೆತ ಹಸುರನ್ನೂ ಮೇಲೆಬ್ಬಿಸುವುದರಿಂದ ಆಮ್ಲಪರೀಕ್ಷೆ ಮತ್ತಷ್ಟು ಅವಶ್ಯ.

ನಮಗೇಕೆ ಇದು ಎನ್ನುವಿರಾ? ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿಯು ಬಿಡದಿಯ ಬಳಿಯ ಬೈರಮಂಗಲದ ಕಡೆಯಿಂದ ಬಂದು, ಮಾಗಡಿ ಸೀಮೆಯಿಂದ ರಾಮನಗರದ ಮೂಲಕ ಇಳಿದ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಕೊಳಚೆಯ ಸಾರಜನಕ, ರಂಜಕಗಳು ಪಾಚಿಗೆ ಗೊಬ್ಬರ. ಪಾಚಿ ಮಿತಿಮೀರಿದರೆ ಇರುಳಿನಲ್ಲಿ ನೀರಿನ ಆಮ್ಲಜನಕವನ್ನು ಅದೇ ಬಳಸಿಕೊಳ್ಳುತ್ತದೆ. ಸತ್ತ ಪಾಚಿ ಕೊಳೆಯುವಾಗ ಇನ್ನಷ್ಟು ವ್ಯಯವಾಗಿ ಮೀನು ಸಾಯುತ್ತದೆ. ವಾರವಾರವೂ ಅಳೆದಿಟ್ಟ ಅಂಕಿಯಿದ್ದರೆ ಅಪಾಯ ಮೊದಲೇ ತಿಳಿದೀತು.

ಹಸುರಾದದ್ದೆಲ್ಲ ಸಮೃದ್ಧಿಯಲ್ಲ, ಮಾಪಕ ಹೇಳಿದ್ದೆಲ್ಲ ಸತ್ಯವೂ ಅಲ್ಲ. ನನ್ನ ಟಿಪ್ಪಣಿಪುಸ್ತಕದಲ್ಲಿ ಆ ಮೊದಲ ಅಂಕಿಯನ್ನು ಅಳಿಸದೆ, ಅಡ್ಡಗೆರೆ ಎಳೆದು ಹಾಗೆಯೇ ಉಳಿಸಿಕೊಂಡಿದ್ದೇನೆ.